ಅಂಗನವಾಡಿಯ ಬಾಗಿಲು ಮುಚ್ಚಿದಾಗ

ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ಮಲೆ, ಮಳೆ, ಕಾಫಿ ತೋಟಗಳು ನೆನಪಿಗೆ ಬರುತ್ತವೆ. ಆದರೆ ಬಾಬಾಬುಡನ್‌ಗಿರಿ ಸಾಲನ್ನು ಇಳಿದು ಬಯಲಿನತ್ತ ಬಂದರೆ ನೋಟವೇ ಬೇರೆ. ಕಡೂರು ಬಯಲುಸೀಮೆ, ರಾಗಿ, ತೆಂಗು ಅಲ್ಲಿನ ಆಧಾರ. ತರೀಕೆರೆ ಮಲೆನಾಡಿಗೂ ಬಯಲಿಗೂ ನಡುವಣ ಅಡಕೆಯ ಸೀಮೆ. ಹಿಂದೆ ತರೀಕೆರೆಗೆ ಸೇರಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಅಜ್ಜಂಪುರವು ಅಮೃತಮಹಲ್ ದನಗಳಿಗೂ ಈರುಳ್ಳಿಗೂ ಹೆಸರಾದುದು. ಬೆಳೆಗಳು ಬೇರೆಯಾದರೂ ಮೂರು ತಾಲ್ಲೂಕುಗಳಿಗೂ ಒಂದು ಸಾಮ್ಯವಿದೆ. ಕಳೆ ಕೀಳುವುದು, ಈರುಳ್ಳಿ ಹಸನು ಮಾಡುವುದು, ಅಡಕೆ ಸುಲಿಯುವುದು ಮುಂತಾದ ಕೆಲಸಗಳು ಬಹುಮಟ್ಟಿಗೆ ಹೆಂಗಸರ ಕೈಯಿಂದಲೇ ನಡೆಯಬೇಕು. ತಾಯಿ ಕೂಲಿಗೆ ಹೋದಾಗ ಎಳೆಯ ಮಗುವನ್ನು ನೋಡಿಕೊಳ್ಳುವವರು ಯಾರು?

ಈ ಪ್ರಶ್ನೆಗೆ ಸರ್ಕಾರವು ಕೊಟ್ಟ ಒಂದು ಉತ್ತರವೇ ಅಂಗನವಾಡಿ. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಪ್ರಾರಂಭವಾಯಿತು. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಮುಂದೆ ಅದು ಹಳ್ಳಿಹಳ್ಳಿಗೂ ಹಬ್ಬಿತು. ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆ ಇವೆಲ್ಲ ಅದರ ಕಾರ್ಯಗಳು. ಇವುಗಳ ಜೊತೆಗೆ, ಪಟ್ಟಿಯಲ್ಲಿ ಎದ್ದು ಕಾಣದ ಇನ್ನೊಂದು ಉಪಕಾರವೂ ಇದೆ. ಹಗಲಿನ ಕೆಲವು ಗಂಟೆಗಳ ಕಾಲ ಮಗು ಸುರಕ್ಷಿತವಾಗಿ ಒಬ್ಬರ ಕಣ್ಣೆದುರಿಗೆ ಇರುತ್ತದೆ. ತಾಯಿ ನಿಶ್ಚಿಂತೆಯಿಂದ ದುಡಿಯುತ್ತಾಳೆ.

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ರೋಗವನ್ನು ಜಗತ್ತನ್ನೇ ವ್ಯಾಪಿಸಿದ ಪಿಡುಗೆಂದು ಸಾರಿತು. ಅದೇ ತಿಂಗಳಲ್ಲಿ ಶಾಲೆಗಳೊಡನೆ ಅಂಗನವಾಡಿಗಳೂ ಮುಚ್ಚಿದವು. ಸೋಂಕು ಹರಡದಂತೆ ತಡೆಯಲು ಮಕ್ಕಳು ಒಂದೆಡೆ ಸೇರಬಾರದೆಂಬುದೇ ಇದರ ಕಾರಣ. ಆದರೆ ಹಸಿವಿಗೆ ರಜೆಯುಂಟೆ? 2013ರ ಆಹಾರ ಭದ್ರತಾ ಕಾಯ್ದೆಯ ಅಂದಿನ ಪಟ್ಟಿಯಂತೆ, 6 ತಿಂಗಳಿಂದ 6 ವರ್ಷದವರೆಗಿನ ಮಗುವಿಗೆ ದಿನಕ್ಕೆ 500 ಕ್ಯಾಲೊರಿ ಶಕ್ತಿಯನ್ನೂ 12ರಿಂದ 15 ಗ್ರಾಂ ಸಸಾರಜನಕವನ್ನೂ ಒದಗಿಸುವ ಆಹಾರ ಸಲ್ಲಬೇಕಾಗಿತ್ತು. ಆದ್ದರಿಂದ ಬಿಸಿಯೂಟದ ಬದಲು ಅಕ್ಕಿ, ಬೇಳೆಕಾಳು, ಬೆಲ್ಲ, ಹಾಲಿನ ಪುಡಿ, ಮೊಟ್ಟೆ ಮುಂತಾದವನ್ನು ಮಕ್ಕಳ ಮನೆಗಳಿಗೆ ತಲಪಿಸುವ ಏರ್ಪಾಡಾಯಿತು. ಈ ಭಾರವನ್ನು ಹೊತ್ತವರು ಅಲ್ಪ ಗೌರವಧನಕ್ಕೆ ದುಡಿಯುವ ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರು. ರೋಗದ ಭೀತಿಯ ನಡುವೆಯೂ ಅವರು ಮನೆಮನೆಯ ಸಮೀಕ್ಷೆಯಲ್ಲಿ ಆಶಾ ಕಾರ್ಯಕರ್ತೆಯರೊಡನೆ ಕೈಗೂಡಿಸಿದರು.

ಹೀಗೆ ಆಹಾರವು ಮನೆಗೆ ಬಂದಿತು. ಆದರೆ ಆರೈಕೆಯನ್ನು ಚೀಲದಲ್ಲಿ ಕಟ್ಟಿ ಕಳುಹಿಸಲು ಬಾರದು. ಅಂಗನವಾಡಿಯಲ್ಲಿ ಮಗುವಿನ ತಟ್ಟೆಗೇ ಬೀಳುತ್ತಿದ್ದ ತುತ್ತು, ಬಡವರ ಮನೆಯಲ್ಲಿ ಎಲ್ಲರಿಗೂ ಹಂಚಿಹೋಗುವುದು ಸಹಜ. ಹೊಲದ ಕೆಲಸಕ್ಕೆ ತಾಯಿ ಹೋಗಲೇಬೇಕು. ಆಗ ಮಗು ಅಜ್ಜಿಯ ಮಡಿಲಿಗೆ ಬರಬೇಕು. ಇಲ್ಲವೇ, ಶಾಲೆ ಮುಚ್ಚಿದ್ದುದರಿಂದ ಮನೆಯಲ್ಲಿದ್ದ ಅಕ್ಕನ ಕಂಕುಳನ್ನು ಏರಬೇಕು. ಮಗುವಿನ ಆರೈಕೆಗಾಗಿ ಅಕ್ಕನ ಓದು ಹಿಂದೆ ಬೀಳುವುದೂ ಒಂದು ನಷ್ಟವೇ. ಕೆಲಸದ ಸ್ಥಳಕ್ಕೆ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದರೆ, ಅವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಬೇಕೆಂಬ ನಿಯಮವು 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿತ್ತು. ಆದರೆ ಖಾಸಗಿ ಹೊಲ ತೋಟಗಳ ಕೂಲಿಗೆ ಆ ನಿಯಮ ಅನ್ವಯಿಸುತ್ತಿರಲಿಲ್ಲ.

2021ರ ಜನವರಿ 13ರಂದು ಸರ್ವೋಚ್ಚ ನ್ಯಾಯಾಲಯವು, ಸೋಂಕಿನ ವಲಯಗಳ ಹೊರಗೆ ಅಂಗನವಾಡಿಗಳನ್ನು ತೆರೆಯುವ ವಿಷಯದಲ್ಲಿ ಆ ತಿಂಗಳೊಳಗೆ ತೀರ್ಮಾನಿಸಬೇಕೆಂದು ರಾಜ್ಯಗಳಿಗೆ ತಿಳಿಸಿತು. ಅಷ್ಟರಲ್ಲಿ ಪಿಡುಗಿನ ಎರಡನೆಯ ಅಲೆ ಬಂದಿತು. ಕರ್ನಾಟಕದಲ್ಲಿ ಅಂಗನವಾಡಿಗಳು ಮತ್ತೆ ಮಕ್ಕಳನ್ನು ಬರಮಾಡಿಕೊಂಡದ್ದು 2021ರ ನವೆಂಬರ್ 8ರಿಂದ. ಸುಮಾರು ಇಪ್ಪತ್ತು ತಿಂಗಳು! ಮೂರರಿಂದ ಆರರವರೆಗಿನ ಮೂರು ವರ್ಷಗಳ ಶಾಲಾಪೂರ್ವ ಕಲಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಕಳೆದುಹೋಗಿತ್ತು. ಕೋವಿಡ್‌ನಿಂದ ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳಿಗೆ ತಿಂಗಳಿಗೆ 3,500 ರೂಪಾಯಿ ನೀಡುವ ಬಾಲ ಸೇವಾ ಯೋಜನೆಯನ್ನು ರಾಜ್ಯ ಸರ್ಕಾರವು 2021ರ ಮೇ ತಿಂಗಳಲ್ಲಿ ಪ್ರಕಟಿಸಿತು. ಪಿಡುಗು ಇಳಿದ ಮೇಲೆ, 2023-24ರ ಆಯವ್ಯಯದಲ್ಲಿ, ಕೂಲಿಕಾರ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ'ಗಳನ್ನು ತೆರೆಯುವುದಾಗಿ ಸಾರಿತು. ಆರೈಕೆಯೂ ಆಹಾರದಷ್ಟೇ ಅಗತ್ಯವೆಂಬ ಅರಿವು ಇದರಲ್ಲಿದೆ.

ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬುದು ಹಿರಿಯರ ಮಾತು. ಮೊಳಕೆಗೆ ನೀರೂ ಬೇಕು, ಬೇಲಿಯೂ ಬೇಕು. ಪಿಡುಗಿನ ಕಾಲದಲ್ಲಿ ಸರ್ಕಾರವು ನೀರೆರೆಯಿತು. ಬೇಲಿಯ ಕೆಲಸ ಮನೆಯ ಹೆಂಗಸರ ಪಾಲಿಗೆ ಉಳಿಯಿತು. ಮುಂದೆ ಅಂಥ ಆಪತ್ತು ಬಂದಲ್ಲಿ ಎರಡನ್ನೂ ಒಟ್ಟಿಗೆ ಒದಗಿಸುವುದು ಸಮಾಜದ ಹೊಣೆ.

ಅಭ್ಯಾಸ

1. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಕರ್ನಾಟಕದಲ್ಲಿ ಮೊದಲು ಎಲ್ಲಿ ಪ್ರಾರಂಭವಾಯಿತು?
2. ಪಿಡುಗಿನ ಕಾಲದಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಮಾಡಿದ ಸೇವೆಯನ್ನು ವಿವರಿಸಿ.
3. "ಆರೈಕೆಯನ್ನು ಚೀಲದಲ್ಲಿ ಕಟ್ಟಿ ಕಳುಹಿಸಲು ಬಾರದು." ಈ ಮಾತಿನ ಸ್ವಾರಸ್ಯವನ್ನು ತಿಳಿಸಿ.