ನಾಳೆಯ ಸೈಕಲ್: ಐದು ನಿಮಿಷದ ಪೀಠಿಕೆ ಎರಡು ಅವಧಿಯಾದ ಪಾಠ

ಒಂಬತ್ತನೇ ತರಗತಿಯ ‘ಕೆಲಸ ಮತ್ತು ಶಕ್ತಿ’ ಘಟಕಕ್ಕೆ ನಾನು ಬರೆದ ಪಾಠಯೋಜನೆಯಲ್ಲಿ ಪೀಠಿಕೆಗೆ ಐದೇ ನಿಮಿಷ ಇಟ್ಟಿದ್ದೆ. ಪ್ರಶ್ನೆ ಇಷ್ಟೇ: ‘ಇನ್ನು ಇಪ್ಪತ್ತು ವರ್ಷಕ್ಕೆ ಸೈಕಲ್ ಹೇಗಿರುತ್ತದೆ?’

ಉತ್ತರಗಳು ತಾಮುಂದು ನಾಮುಂದು ಎಂದು ಬಂದವು. ಚೈನ್ ಇಲ್ಲದ ಸೈಕಲ್, ಪಂಕ್ಚರ್ ಆಗದ ಗಟ್ಟಿ ಟೈರು, ತುಕ್ಕು ಹಿಡಿಯದ ಪ್ಲಾಸ್ಟಿಕ್ ಸೈಕಲ್. ಕೊನೆಗೆ ಒಬ್ಬ ಹುಡುಗ, ‘ಡೈನಮೋ ಇರ್ತದೆ ಮಿಸ್, ತುಳೀತಾ ತುಳೀತಾ ಬ್ಯಾಟರಿ ತಾನೇ ಚಾರ್ಜ್ ಆಗ್ತದೆ, ಮೋಟರ್ ಓಡ್ತದೆ, ಕರೆಂಟೇ ಬೇಡ’ ಅಂದ. ‘ತುಂಬಾ ಒಳ್ಳೆಯ ಕಲ್ಪನೆ’ ಎಂದು ನಾನು ಅದನ್ನು ಹಲಗೆಯ ಮೇಲೆ ಬರೆದೆ, ಚಪ್ಪಾಳೆಯನ್ನೂ ಹೊಡೆಸಿದೆ. ಇನ್ನು ಇಪ್ಪತ್ತು ನಿಮಿಷಕ್ಕೆ ನಾನು ಕಲಿಸಬೇಕಿದ್ದದ್ದು ಶಕ್ತಿ ಸಂರಕ್ಷಣಾ ನಿಯಮ!

ಹಿಂದಿನ ಬೆಂಚಿನಿಂದ ಒಬ್ಬಳು ಎದ್ದಳು. ಅವರ ತಂದೆಯದು ಸೈಕಲ್ ಶಾಪ್. ‘ಡೈನಮೋ ಹಾಕಿದ್ರೆ ತುಳಿಯೋಕೆ ಭಾರ ಆಗ್ತದಲ್ವಾ ಮಿಸ್? ಬ್ಯಾಟರಿಗೆ ಹೋಗೋದು ನಮ್ಮ ಕಾಲಿಂದಾನೇ ತಾನೆ?’ ಪಾಠ ವೀಕ್ಷಿಸುತ್ತಿದ್ದ ಉಪನ್ಯಾಸಕರು ತಲೆ ಎತ್ತಿದ್ದು ನನಗೆ ಕಾಣಿಸಿತು. ಹಲಗೆಯ ಮೇಲಿನ ಸಾಲನ್ನು ಅಳಿಸದೆ ಅದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ‘ನಾಳೆ ನೋಡೋಣ’ ಎಂದೆ. ಅಂದು ನಾನು ಮಾಡಿದ ಸರಿಯಾದ ಕೆಲಸ ಅದೊಂದೇ.

ಮರುದಿನ ಒಬ್ಬ ವಿದ್ಯಾರ್ಥಿ ಅಜ್ಜನ ಹಳೆಯ ಸೈಕಲ್ ತಂದ. ಸ್ಟ್ಯಾಂಡ್ ಹಾಕಿ, ಪ್ರತಿಯೊಬ್ಬರೂ ಪೆಡಲನ್ನು ಕೈಯಿಂದ ತಿರುಗಿಸಿದರು: ಮೊದಲು ಡೈನಮೋ ಬಿಡಿಸಿ, ಆಮೇಲೆ ಟೈರಿಗೆ ತಾಗಿಸಿ. ಭಾರ ಕೈಗೇ ತಿಳಿಯಿತು. ನಂತರ ಲೆಕ್ಕ. ಇಂಥ ಡೈನಮೋ ಕೊಡುವುದು 6 ವೋಲ್ಟ್, 3 ವ್ಯಾಟ್. 36 ವೋಲ್ಟ್, 10 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಹಿಡಿಯುವುದು 360 ವ್ಯಾಟ್-ಗಂಟೆ. ಅದು ತುಂಬಲು 120 ಗಂಟೆ ತುಳಿಯಬೇಕು! ದೊಡ್ಡ ಡೈನಮೋ ಹಾಕಿದರೆ? ಸಾಮಾನ್ಯ ಮನುಷ್ಯ ಬಹಳ ಹೊತ್ತು ತುಳಿಯಬಲ್ಲದ್ದು ಸುಮಾರು 100 ವ್ಯಾಟ್. ಅಷ್ಟನ್ನೂ ಬ್ಯಾಟರಿಗೇ ಕೊಟ್ಟರೆ ಸೈಕಲ್ ಮುಂದೆ ಹೋಗುವುದು ಯಾವುದರಿಂದ?

ಬ್ರೇಕ್ ಹಾಕಿದಾಗ ಚಾರ್ಜ್ ಆಗುವ ಮಾತನ್ನೂ ಒಬ್ಬ ತೆಗೆದ. ಅದು ನಿಯಮಕ್ಕೆ ವಿರುದ್ಧವಲ್ಲ. ಆದರೆ ಸವಾರ, ಸೈಕಲ್ ಸೇರಿ 80 ಕೆ.ಜಿ., ವೇಗ ಗಂಟೆಗೆ 18 ಕಿ.ಮೀ., ಅಂದರೆ ಸೆಕೆಂಡಿಗೆ 5 ಮೀಟರ್ ಎಂದರೆ, ಚಲನ ಶಕ್ತಿ 1000 ಜೂಲ್. ಬ್ಯಾಟರಿಯಲ್ಲಿರುವುದು 12,96,000 ಜೂಲ್. ಒಂದಿಷ್ಟೂ ಪೋಲಾಗದಿದ್ದರೂ 1296 ಸಲ ನಿಲ್ಲಿಸಬೇಕು. ಮಕ್ಕಳು ನಕ್ಕರು.

ಉಳಿದ ಮೂರು ಭವಿಷ್ಯಗಳು ನಿಜವಾಗಿ ಹಳೆಯ ಕಥೆಗಳು. ಚೈನ್ ಬದಲು ದಂಡದಿಂದ ಚಕ್ರ ತಿರುಗಿಸುವ ಸೈಕಲ್ 1890ರ ದಶಕದಲ್ಲೇ ಮಾರಾಟಕ್ಕಿತ್ತು. ಚೆನ್ನಾಗಿ ಎಣ್ಣೆ ಬಿಟ್ಟ ಚೈನ್ ನಮ್ಮ ಶ್ರಮದ 95 ಶೇಕಡಾಕ್ಕಿಂತ ಹೆಚ್ಚನ್ನು ಚಕ್ರಕ್ಕೆ ದಾಟಿಸುತ್ತದೆ, ಅದಕ್ಕೇ ಉಳಿದುಕೊಂಡಿದೆ. ಗಟ್ಟಿ ರಬ್ಬರ್ ಟೈರು 1888ರಲ್ಲಿ ಡನ್‌ಲಪ್ ಗಾಳಿ ಟೈರಿಗೆ ಪೇಟೆಂಟ್ ಪಡೆಯುವ ಮೊದಲು ಇದ್ದದ್ದೇ. ಪ್ಲಾಸ್ಟಿಕ್ ಸೈಕಲನ್ನು 1980ರ ದಶಕದ ಆರಂಭದಲ್ಲಿ ಸ್ವೀಡನ್ನಿನಲ್ಲಿ ‘ಇಟೆರಾ’ ಎಂಬ ಹೆಸರಿನಲ್ಲಿ ಮಾರಿದರು. ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಹೊಸತು ಏನಿದ್ದರೂ ಹಗುರವಾದ ಬ್ಯಾಟರಿ ಮತ್ತು ಚಕ್ರದ ನಡುವಿನ ಮೋಟರಿನಿಂದ ಬರುತ್ತದೆಂದು ನನ್ನ ಅಂದಾಜು. ನಮ್ಮ ದೇಶದ ನಿಯಮದಲ್ಲೂ 250 ವ್ಯಾಟ್‌ಗಿಂತ ಕಡಿಮೆ ಸಾಮರ್ಥ್ಯದ, ಗಂಟೆಗೆ 25 ಕಿ.ಮೀ. ಒಳಗಿನ ಬ್ಯಾಟರಿ ವಾಹನ ಮೋಟಾರು ವಾಹನದ ಲೆಕ್ಕಕ್ಕೆ ಬರುವುದಿಲ್ಲ.

ಗಂಟೆ ಹೊಡೆದ ಮೇಲೆ ಅದೇ ಹುಡುಗಿ ಮೇಜಿನ ಬಳಿ ಬಂದಳು. ‘ನಮ್ಮಪ್ಪಂಗೆ ಬೆಂಡ್ ತೆಗೆಯೋದು, ಪಂಕ್ಚರ್ ಹಾಕೋದು ಬರ್ತದೆ. ಮೋಟರ್ ಬರಲ್ಲ. ಎಲ್ಲರೂ ಅದನ್ನೇ ತಗೊಂಡ್ರೆ ಅಂಗಡಿ?’ ನನ್ನ ಪಾಠಯೋಜನೆಯಲ್ಲಿ ಇದಕ್ಕೆ ಜಾಗವಿರಲಿಲ್ಲ. ಆ ಮೋಟರಿನೊಳಗೆ ಇರುವುದು ಕಾಂತ ಮತ್ತು ತಾಮ್ರದ ಸುರುಳಿ, ಡೈನಮೋದೊಳಗೂ ಅವೇ ಎಂದಷ್ಟೇ ಹೇಳಿದೆ. ಸಂಜೆ ಪ್ರಯೋಗಾಲಯದ ಮಲ್ಟಿಮೀಟರ್ ತೆಗೆದುಕೊಂಡು ಅವರ ಅಂಗಡಿಗೆ ಹೋದೆವು. ಅವಳ ತಂದೆ ಕೆಟ್ಟ ಡೈನಮೋ ಒಂದನ್ನು ಬಿಚ್ಚಿಕೊಟ್ಟರು. ಸುರುಳಿಯ ತಂತಿ ತುಂಡಾಗಿದೆ ಎಂದು ಕಂಡುಹಿಡಿದದ್ದು ಅವಳೇ.

ಈ ಪಾಠ ಮಾಡುವ ಸಹಪಾಠಿಗಳು ಪೀಠಿಕೆಗೆ ಹದಿನೈದು ನಿಮಿಷ ಇಟ್ಟುಕೊಳ್ಳಿ. ಡೈನಮೋ ಇರುವ ಸೈಕಲ್ ಈಗ ಸುಲಭಕ್ಕೆ ಸಿಗುವುದಿಲ್ಲ, ವಾರ ಮೊದಲೇ ವಿಚಾರಿಸಿ.