ಎಣ್ಣೆ ಎಲ್ಲಿ ಸೋರುತ್ತಿದೆ?



ಕುಕ್ಕರ್ ನಮಗೆಲ್ಲ ಗೊತ್ತು. ಒಲೆಯ ಮೇಲೆ ಇಟ್ಟು ಬಹಳ ಹೊತ್ತಾಯಿತು. ಸೀಟಿ ಕೂಗಲಿಲ್ಲ. ಮುಚ್ಚಳದ ಅಂಚಿನಲ್ಲಿ ಬುಸ್ ಅಂತ ಹಬೆ ಹೋಗ್ತಾ ಇದೆ. ಆಗ ನಾವು ಹೊಸ ಕುಕ್ಕರ್ ತರ್ತೇವಾ? ಇಲ್ಲ. ಮುಚ್ಚಳದ ರಬ್ಬರ್ ನೋಡ್ತೇವೆ. ಸವೆದಿದ್ದರೆ ಬೇರೆ ಹಾಕ್ತೇವೆ.

ಮೋಟಾರ್ ಸೈಕಲ್ ಇಂಜಿನ್ನಿನ ಗುಟ್ಟೂ ಇದೇ. ಒಳಗೆ ಇರಬೇಕಾದದ್ದು ಒಳಗೇ ಇರಬೇಕು. ಸೋರಿದರೆ ಗಾಡಿ ಕೆಡುತ್ತದೆ. ಈ ಪಾಠದಲ್ಲಿ ಒಂದು ಹಳೆಯ ಗಾಡಿಯ ಇಂಜಿನ್ ನೋಡೋಣ.

"ಇದು ಗಂಡಸರ ಕೆಲಸ ಅಲ್ವೇನಕ್ಕಾ?" ಅಂತ ಯಾರಾದರೂ ಕೇಳಬಹುದು. ಗ್ಯಾರೇಜಿನ ಬಿಲ್ಲು ಕಟ್ಟೋದು ಮನೆಯ ದುಡ್ಡಿನಲ್ಲಿ. ಆ ಗಾಡಿಯ ಹಿಂದೆ ಮಗು ಎತ್ತಿಕೊಂಡು ಕೂರೋರು ನಾವು. ಹಾಗಾದರೆ ನಮಗೂ ಗೊತ್ತಿರಬೇಕು, ಅಲ್ಲವೇ?

ಮೈಸೂರಿನ ಜಾವಾ

ಜಾವಾ ಗಾಡಿ ಹುಟ್ಟಿದ್ದು ಜೆಕೊಸ್ಲೊವಾಕಿಯಾ ದೇಶದಲ್ಲಿ, 1929ರಲ್ಲಿ. 1961ರಲ್ಲಿ ನಮ್ಮ ಮೈಸೂರಿನಲ್ಲೇ ಅದರ ಕಾರ್ಖಾನೆ ಶುರುವಾಯಿತು. ಅದರ ಹೆಸರು ಐಡಿಯಲ್ ಜಾವಾ. ಜಯಚಾಮರಾಜೇಂದ್ರ ಒಡೆಯರು ಅದನ್ನು ಉದ್ಘಾಟಿಸಿದರು. ಮುಂದೆ 1970ರ ದಶಕದಲ್ಲಿ ಗಾಡಿಗೆ ಯೆಜ್ಡಿ ಎಂಬ ಹೆಸರು ಬಂತು. ಸಾವಿರಾರು ಮನೆಗಳು ಈ ಕಾರ್ಖಾನೆಯಿಂದ ಅನ್ನ ಉಂಡವು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಕಾರ್ಖಾನೆ ಮುಚ್ಚಿದರೂ ಗಾಡಿಗಳು ನಿಲ್ಲಲಿಲ್ಲ. ಅಪ್ಪನ ಗಾಡಿ, ತಾತನ ಗಾಡಿ ಅಂತ ಈಗಲೂ ಜನ ಇಟ್ಟುಕೊಂಡಿದ್ದಾರೆ. ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಅಂತ ಆಚರಿಸುತ್ತಾರೆ. 2018ರಲ್ಲಿ ಜಾವಾ ಹೆಸರಿನ ಹೊಸ ಗಾಡಿಗಳು ಬಂದವು. ಅವು ಬೇರೆ ಇಂಜಿನ್ನಿನವು. ನಾವು ಇಲ್ಲಿ ಹೇಳುತ್ತಿರುವುದು ಮೈಸೂರಿನ ಹಳೆಯ ಗಾಡಿಯ ಮಾತು.

ಎರಡು ಕೋಣೆಯ ಮನೆ

ಈ ಇಂಜಿನ್ ಎರಡು ಕೋಣೆಯ ಮನೆ ಇದ್ದ ಹಾಗೆ.

ಮೊದಲನೆಯದು ಕ್ರ್ಯಾಂಕ್ ಕೋಣೆ. ಇದರ ಮೇಲೆ ಸಿಲಿಂಡರ್ ಇದೆ. ಸಿಲಿಂಡರಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡುತ್ತದೆ. ಪಿಸ್ಟನ್ ಮೇಲೆ ಹೋದಾಗ ಈ ಕೋಣೆ ಪೆಟ್ರೋಲು ಗಾಳಿ ಎಳೆದುಕೊಳ್ಳುತ್ತದೆ. ಕೆಳಗೆ ಬಂದಾಗ ಅದನ್ನು ಸಿಲಿಂಡರಿಗೆ ತಳ್ಳುತ್ತದೆ. ಕಮ್ಮಾರನ ತಿದಿ ನೋಡಿದ್ದೀರಲ್ಲ? ಹಾಗೇ. ತಿದಿಗೆ ತೂತು ಬಿದ್ದರೆ ಬೆಂಕಿ ಏಳುವುದಿಲ್ಲ. ಈ ಕೋಣೆಗೆ ತೂತು ಬಿದ್ದರೆ ಗಾಡಿ ಸರಿಯಾಗಿ ಓಡುವುದಿಲ್ಲ.

ಎರಡನೆಯದು ಗೇರಿನ ಕೋಣೆ. ಇಲ್ಲಿ ಗೇರು, ಕ್ಲಚ್ಚು ಎಣ್ಣೆಯಲ್ಲಿ ಮುಳುಗಿ ತಿರುಗುತ್ತವೆ.

ಎರಡೂ ಕೋಣೆಗೆ ಬೇರೆ ಬೇರೆ ಎಣ್ಣೆ. ಕ್ರ್ಯಾಂಕ್ ಕೋಣೆಗೆ ಬೇಕಾದ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸುತ್ತಾರೆ. ಅದು ಕೆಲಸ ಮುಗಿಸಿ ಸುಟ್ಟು ಹೊಗೆಯಾಗಿ ಹೋಗುತ್ತದೆ. ಗೇರ್ ಎಣ್ಣೆ ಮಾತ್ರ ಸುಡಬಾರದು. ಅದು ಇದ್ದಲ್ಲೇ ಇರಬೇಕು.

ಕ್ರ್ಯಾಂಕ್ ಕೋಣೆಯಿಂದ ಒಂದು ಉಕ್ಕಿನ ದಂಡ ಆಚೆ ಬರುತ್ತದೆ. ದಂಡ ತಿರುಗಬೇಕು, ಎಣ್ಣೆ ದಾಟಬಾರದು. ಅದಕ್ಕೆ ಅಲ್ಲಿ ಒಂದು ರಬ್ಬರ್ ಬಳೆ ಹಾಕಿರುತ್ತಾರೆ. ಅದೇ ಆಯಿಲ್ ಸೀಲು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಈ ರಬ್ಬರ್ ಒಣಗಿ ಗಟ್ಟಿಯಾಗುತ್ತದೆ. ಅದಕ್ಕೇ ಹಳೆ ಗಾಡಿ ಹೊರಗೆ ತೆಗೆದ ಕೂಡಲೇ ಸೋರುತ್ತದೆ.

ಸೋರುವ ಜಾಗ ಹುಡುಕೋಣ

ನೆಲದ ಮೇಲೆ ಎಣ್ಣೆ ಬಿದ್ದ ಜಾಗವೇ ಸೋರುವ ಜಾಗ ಅಲ್ಲ. ಮಾಳಿಗೆ ಸೋರುವಾಗ ನೀರು ತೊಲೆಯ ಮೇಲೆ ಹರಿದು ಬೇರೆ ಕಡೆ ತೊಟ್ಟಿಕ್ಕುತ್ತದೆ. ಎಣ್ಣೆಯೂ ಹಾಗೇ. ಮೇಲಿನಿಂದ ಕೆಳಗೆ ಇಳಿಯುತ್ತದೆ. ಗಾಡಿ ಓಡುವಾಗ ಗಾಳಿಗೆ ಹಿಂದಕ್ಕೆ ಹರಿಯುತ್ತದೆ.

ಹೀಗೆ ಮಾಡಿ:

1. ಇಂಜಿನ್ ಆರಲಿ. ಸ್ವಲ್ಪ ಡೀಸೆಲ್ ಮತ್ತು ಬ್ರಷ್ ತೆಗೆದುಕೊಂಡು ಜಿಡ್ಡು ತೆಗೆಯಿರಿ. ಸೋಪಿನ ನೀರಿನಲ್ಲಿ ತೊಳೆದು ಒಣ ಬಟ್ಟೆಯಲ್ಲಿ ಒರೆಸಿ.

2. ಪೂರ್ತಿ ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿ.

3. ಗಾಡಿಯನ್ನು ಸ್ವಲ್ಪ ದೂರ ಓಡಿಸಿ ತರಲು ಹೇಳಿ.

4. ಈಗ ನೋಡಿ. ಪೌಡರ್ ಒದ್ದೆಯಾದ ಕಡೆಯಲ್ಲಿ ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಮುಂದಿನ ಜಾಗ ಯಾವುದು? ಸೋರಿಕೆ ಶುರುವಾಗುವುದು ಅಲ್ಲಿಂದ.

5. ರಾತ್ರಿ ಇಂಜಿನ್ ಕೆಳಗೆ ಹಳೆಯ ಪೇಪರ್ ಹಾಸಿ. ಬೆಳಿಗ್ಗೆ ಕಲೆ ಎಲ್ಲಿದೆ ನೋಡಿ. ಪೇಪರಿನ ಮೇಲೇ ತಾರೀಕು ಬರೆದಿಡಿ.

ಕಲೆಯನ್ನು ಮುಟ್ಟಿ ನೋಡಿ, ಮೂಸಿ ನೋಡಿ. ತೆಳ್ಳಗಿದ್ದು ಪೆಟ್ರೋಲ್ ವಾಸನೆ ಬಂದರೆ ಅದು ಕಾರ್ಬೊರೇಟರಿನದು. ಇದು ಅಪಾಯ. ಬೇಗ ಸರಿ ಮಾಡಿಸಿ. ಸೈಲೆನ್ಸರ್ ಕೂಡುವ ಜಾಗದಲ್ಲಿ ಕರ್ರಗೆ ಅಂಟಂಟಾಗಿದ್ದರೆ ಅದು ಅರ್ಧ ಸುಟ್ಟ ಎಣ್ಣೆ. ಅಲ್ಲಿನ ಪ್ಯಾಕಿಂಗ್ ನೋಡಬೇಕು. ದಪ್ಪಗೆ ಜಾರುವ ಎಣ್ಣೆ ಇದ್ದರೆ ಅದು ಗೇರಿನ ಕೋಣೆಯದು.

ಗೇರ್ ಎಣ್ಣೆ ಸಾಮಾನ್ಯವಾಗಿ ಸೋರುವ ಜಾಗಗಳು: ಕೆಳಗಿನ ಬೋಲ್ಟಿನ ವಾಷರ್, ಪಕ್ಕದ ಮುಚ್ಚಳದ ಪ್ಯಾಕಿಂಗ್, ಕಿಕ್ಕರ್ ದಂಡದ ಸೀಲು, ಚೈನು ಸುತ್ತುವ ಸಣ್ಣ ಹಲ್ಲು ಚಕ್ರದ ಹಿಂದಿನ ಸೀಲು. ಚೈನಿನ ಕಡೆ ಸೋರಿದರೆ "ಚೈನಿನ ಗ್ರೀಸು ಬಿಡಿ" ಅಂತ ಸುಮ್ಮನಾಗಬಾರದು. ಎಣ್ಣೆ ಹಿಂದಿನ ಟೈರಿಗೆ ಹತ್ತಿದರೆ ತಿರುವಿನಲ್ಲಿ ಗಾಡಿ ಜಾರಿ ಬೀಳುತ್ತದೆ.

ಕಣ್ಣಿಗೆ ಕಾಣದ ಸೋರಿಕೆ

ಒಂದು ಸೋರಿಕೆ ಮಾತ್ರ ನೆಲಕ್ಕೆ ಬೀಳುವುದೇ ಇಲ್ಲ. ಎರಡು ಕೋಣೆಯ ನಡುವಿನ ಸೀಲು ಹೋದರೆ ಕ್ರ್ಯಾಂಕ್ ಕೋಣೆ ಗೇರ್ ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಅದು ಪೆಟ್ರೋಲಿನ ಜೊತೆ ಸುಡುತ್ತದೆ. ಬೀದಿ ತುಂಬ ದಟ್ಟ ಹೊಗೆ. ನೆಲ ಮಾತ್ರ ಸ್ವಚ್ಛ!

ಇದನ್ನು ಕಂಡುಹಿಡಿಯಲು ಲೆಕ್ಕ ಬೇಕು. ಗೇರ್ ಎಣ್ಣೆ ಹಾಕಿದ ದಿನ ಎಷ್ಟು ಹಾಕಿದೆವು ಎಂದು ಬರೆದಿಡಬೇಕು. ತೆಗೆಯುವ ದಿನ ಅಳೆಯಬೇಕು. ಉದಾಹರಣೆಗೆ, 900 ಮಿಲಿ ಹಾಕಿದ್ದೆವು. ಈಗ 600 ಮಿಲಿ ಬಂತು. ಉಳಿದ 300 ಮಿಲಿ ಎಲ್ಲಿ? ನೆಲಕ್ಕೆ ಬಿದ್ದಿಲ್ಲ ಅಂದರೆ ಹೊಗೆಯಾಗಿ ಹೋಗಿದೆ.

ಇನ್ನೊಂದು ಬದಿಯಲ್ಲಿ, ಡೈನಮೋ ಕಡೆ, ಇನ್ನೊಂದು ಸೀಲಿದೆ. ಅದು ಹೋದರೆ ಎಣ್ಣೆಯ ಬದಲು ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ತಾನಾಗೇ ಜೋರಾಗಿ ಕೂಗುತ್ತದೆ. ವಿಪರೀತ ಕಾಯುತ್ತದೆ. ಪಿಸ್ಟನ್ ಕಚ್ಚಿಕೊಂಡು ಚಕ್ರ ದಿಢೀರನೆ ನಿಲ್ಲಬಹುದು. ಇಂಥ ಗಾಡಿಯಲ್ಲಿ ಕೂರಬೇಡಿ. ಮೊದಲು ರಿಪೇರಿ ಆಗಲಿ.

ಇಂಜಿನ್ ಬಿಚ್ಚಿದಾಗ

ಒಳಗಿನ ಸೀಲು ಬದಲಿಸಲು ತುಂಬ ಬಿಚ್ಚಬೇಕು. ಸೀಲಿಗೆ ದುಡ್ಡು ಕಡಿಮೆ, ಬಿಚ್ಚುವ ಕೂಲಿ ಜಾಸ್ತಿ. ಆದ್ದರಿಂದ ಇಂಜಿನ್ ಪೂರ್ತಿ ಬಿಚ್ಚಿದರೆ ಎಲ್ಲಾ ಸೀಲುಗಳನ್ನೂ, ಎಲ್ಲಾ ಪ್ಯಾಕಿಂಗ್‌ಗಳನ್ನೂ ಒಟ್ಟಿಗೆ ಬದಲಿಸುವುದು ಲಾಭ. ಹಳೇದನ್ನೇ ಮತ್ತೆ ಹಾಕಿದರೆ ಆರು ತಿಂಗಳಲ್ಲಿ ಅದೇ ಕೂಲಿ ಮತ್ತೆ ಕೊಡಬೇಕಾದೀತು.

ಬಿಚ್ಚುವಾಗ ನಾವು ಕಲಿತ ಅಕ್ಷರ ಕೆಲಸಕ್ಕೆ ಬರುತ್ತದೆ. ಹಳೆಯ ಡಬ್ಬಿಗಳನ್ನು ಸಾಲಾಗಿ ಇಡಿ. ಪ್ರತಿ ಡಬ್ಬಿಗೂ ಚೀಟಿ ಅಂಟಿಸಿ. "ಹೆಡ್ಡಿನ ನಟ್ಟು – 4" ಅಂತ ಬರೆಯಿರಿ. "ಎಡ ಮುಚ್ಚಳದ ಸ್ಕ್ರೂ" ಅಂತ ಬರೆಯಿರಿ. ಎಷ್ಟು ಇದ್ದವು ಎಣಿಸಿ ಬರೆಯಿರಿ. ಜೋಡಿಸಿದ ಮೇಲೆ ಒಂದು ಸ್ಕ್ರೂ ಉಳಿದರೆ ಅದು ಎಲ್ಲಿಯದು ಎಂದು ಚೀಟಿ ಹೇಳುತ್ತದೆ.

ಸೀಲಿನ ಮೇಲೆ ಮೂರು ಅಂಕಿ ಇರುತ್ತವೆ. ಓದಿ ನೋಡಿ. 20 – 40 – 10 ಅಂತಿದ್ದರೆ ಒಳಗಿನ ಅಗಲ 20 ಮಿಲಿಮೀಟರ್, ಹೊರಗಿನ ಅಗಲ 40, ದಪ್ಪ 10. ಈ ಅಂಕಿ ಬರೆದುಕೊಂಡು ಹೋದರೆ ಅಂಗಡಿಯಲ್ಲಿ ಬೇರೆ ಅಳತೆಯದು ಕೊಡಲು ಆಗುವುದಿಲ್ಲ.

ಜೋಡಿಸುವಾಗ ಗಮನಿಸಬೇಕಾದ ಮಾತುಗಳು:

• ಹಳೆಯ ಪ್ಯಾಕಿಂಗ್ ಕೆರೆಯಲು ಸ್ಕ್ರೂಡ್ರೈವರ್ ಬೇಡ. ಇಂಜಿನ್ನಿನ ಮೈ ಅಲ್ಯೂಮಿನಿಯಂ. ಗೀರು ಬಿದ್ದರೆ ಆ ಗೀರಿನಲ್ಲೇ ಎಣ್ಣೆ ಸೋರುತ್ತದೆ.

• ಸೀಲಿನ ತುಟಿಗೆ ಎಣ್ಣೆ ಸವರಿ. ಓರೆಯಾಗದಂತೆ ಸಮನಾಗಿ ಒತ್ತಿ ಕೂರಿಸಬೇಕು.

• ಹೆಡ್ಡಿನ ನಟ್ಟುಗಳನ್ನು ಎದುರು ಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಒಂದನ್ನೇ ಪೂರ್ತಿ ಬಿಗಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತದೆ.

• ಸೋರುತ್ತದೆ ಅಂತ ಜೋರಾಗಿ ತಿರುಗಿಸಬೇಡಿ. ಮರೆ ಕಿತ್ತು ಹೋದರೆ ಖರ್ಚು ಹೆಚ್ಚು.

ಸಿಲಿಂಡರ್ ಸವೆದಿದ್ದರೆ ಬೋರಿಂಗ್ ಮಾಡಿಸಿ ದಪ್ಪ ಪಿಸ್ಟನ್ ಹಾಕಬೇಕು. ಇದು, ಬೇರಿಂಗ್ ಕೂರಿಸುವುದು, ಕ್ರ್ಯಾಂಕ್ ನೇರ ಮಾಡುವುದು ಮೆಕ್ಯಾನಿಕ್ಕರ ಕೆಲಸ. ನಾವು ಕೇಳಬೇಕಾದದ್ದು ಇಷ್ಟು: "ಅಣ್ಣಾ, ಸೋರೋ ಜಾಗ ತೋರಿಸಿ. ತೆಗೆದ ಹಳೆ ಸೀಲು ನಮಗೆ ಕೊಡಿ. ಏನೇನು ಬದಲಾಯಿಸಿದ್ರಿ ಅಂತ ಬರೆದುಕೊಡಿ." ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಎಚ್ಚರಿಕೆ

ಒಲೆ, ದೀಪ, ಬೀಡಿಯ ಹತ್ತಿರ ಪೆಟ್ರೋಲ್ ಬಿಚ್ಚಬೇಡಿ. ಪೆಟ್ರೋಲ್, ಡೀಸೆಲ್ ಅನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಇಡಬೇಡಿ. ಮಕ್ಕಳು ಕುಡಿದುಬಿಡುತ್ತವೆ. ಹಳೆಯ ಎಣ್ಣೆಯನ್ನು ಬಾವಿಯ ಹತ್ತಿರ, ಚರಂಡಿಗೆ ಸುರಿಯಬೇಡಿ. ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ. ಕೆಲಸ ಮುಗಿದ ಮೇಲೆ ಕೈಯನ್ನು ಸೋಪಿನಲ್ಲಿ ತೊಳೆಯಿರಿ.

ಹೊಸ ಪದಗಳು

ಆಯಿಲ್ ಸೀಲು: ತಿರುಗುವ ದಂಡದ ಸುತ್ತ ಎಣ್ಣೆ ತಡೆಯುವ ರಬ್ಬರ್ ಬಳೆ
ಪ್ಯಾಕಿಂಗ್: ಎರಡು ಭಾಗ ಕೂಡುವ ಕಡೆ ನಡುವೆ ಇಡುವ ತೆಳು ಹಾಳೆ
ಪಿಸ್ಟನ್: ಸಿಲಿಂಡರಿನಲ್ಲಿ ಮೇಲೆ ಕೆಳಗೆ ಓಡುವ ಭಾಗ
ಮರೆ: ಬೋಲ್ಟು, ಸ್ಕ್ರೂಗಳ ಸುತ್ತು ಗೆರೆ

ಓದಿ ಉತ್ತರ ಹೇಳಿ

1. ಮೈಸೂರಿನಲ್ಲಿ ಜಾವಾ ಕಾರ್ಖಾನೆ ಎಷ್ಟು ವರ್ಷ ನಡೆಯಿತು?
2. ನೆಲದ ಮೇಲೆ ಎಣ್ಣೆ ಇಲ್ಲ, ಹೊಗೆ ದಟ್ಟವಾಗಿದೆ. ಯಾವ ಸೀಲು ಹೋಗಿರಬಹುದು?
3. ಒಂದು ಲೀಟರ್ ಪೆಟ್ರೋಲಿಗೆ 40 ಮಿಲಿ ಎಣ್ಣೆ ಬೆರೆಸಬೇಕು ಅಂದರೆ 5 ಲೀಟರಿಗೆ ಎಷ್ಟು?
4. ನಿಮ್ಮ ಮನೆಯಲ್ಲಿ ಅಥವಾ ಹೊಲದಲ್ಲಿ ಯಾವ ಯಂತ್ರ ಇದೆ? ಅದು ಎಲ್ಲಿ ಸೋರುತ್ತದೆ? ನೋಡಿ ನಾಲ್ಕು ಸಾಲು ಬರೆಯಿರಿ.