ಎಣ್ಣೆ ಪಾರ್ಟಿಗೆ ಹೊರಟವನಿಗೆ

ನೋಡಪ್ಪಾ, ಕುಡಿಯಬೇಡ ಅನ್ನುವ ಮಾತನ್ನು ಬಸ್ ಹತ್ತಿಸುವಾಗಲೇ ನಿಮ್ಮಮ್ಮ ಹೇಳಿ ಕಳಿಸಿರುತ್ತಾರೆ. ನಾನು ಅದನ್ನೇ ಮತ್ತೆ ಹೇಳುವುದಿಲ್ಲ. ಹಾಸ್ಟೆಲ್ ವಾರ್ಡನ್ ಆಗಿ ಹುಡುಗರ ನಡುವೆಯೇ ತಲೆ ನರೆತವನು ನಾನು. ಎಷ್ಟು ಕುಡಿದೆ ಎಂದು ಕೇಳುವುದಕ್ಕಿಂತ ಯಾಕೆ ಕುಡಿದೆ ಎಂದು ಕೇಳಿದರೆ ಹುಡುಗ ಯಾವ ದಾರಿ ಹಿಡಿದಿದ್ದಾನೆ ಅನ್ನುವುದು ಗೊತ್ತಾಗುತ್ತದೆ.

ಅಮೆರಿಕದ ಮನೋವಿಜ್ಞಾನಿ ಲಿನ್ ಕೂಪರ್ 1994ರಲ್ಲಿ ಹದಿಹರೆಯದವರು ಕುಡಿಯುವ ಕಾರಣಗಳನ್ನು ನಾಲ್ಕಾಗಿ ವಿಂಗಡಿಸಿದರು: ಗೆಳೆಯರ ಜೊತೆ ಬೆರೆಯಲು, ಮಜಾಕ್ಕೆ, ಗುಂಪಿನಿಂದ ಹೊರಗುಳಿಯಬಾರದೆಂದು, ನೋವು ಮರೆಯಲು. ನಮ್ಮ ತಾರಸಿಯಲ್ಲೂ ಇವೇ. ‘ಮಗಾ, ಬರ್ತ್‌ಡೇ ಟ್ರೀಟ್ ಎಲ್ಲಿ?’ ಎಂದು ಶುರು. ಪೇಪರ್ ಲೋಟ, ಖಾರದ ಕಡಲೆಬೀಜ, ಯಾರದೋ ಮೊಬೈಲಿನಲ್ಲಿ ಹಾಡು. ಹೊಸದಾಗಿ ಸೇರಿದ ಹಳ್ಳಿ ಹುಡುಗ ಮೂಲೆಯಲ್ಲಿ ಕೂತು ವಾಸನೆಗೇ ಮುಖ ಕಿವಿಚುತ್ತಾನೆ, ಆದರೂ ಗುಟುಕರಿಸುತ್ತಾನೆ. ಆ ಗುಂಪಿನಲ್ಲಿ ಒಂದು ಜಾಗ ಸಿಕ್ಕಿದ್ದರೆ ಅವನಿಗೆ ಸಾಕಿತ್ತು. ಆ ಹುಡುಗ ನೀನೇ ಆಗಿದ್ದರೆ ಬರೀ ಕೂಲ್‌ಡ್ರಿಂಕ್ ಸುರಿದುಕೊಂಡು ಕೂತಿರು. ಎರಡನೇ ರೌಂಡಿನ ಹೊತ್ತಿಗೆ ನಿನ್ನ ಲೋಟದಲ್ಲಿ ಏನಿದೆ ಎಂದು ನೋಡುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ.

ನನಗೆ ಭಯ ನಾಲ್ಕನೆಯದರದ್ದು, ನೋವು ಮರೆಯಲು ಕುಡಿಯುವವನದ್ದು. ಪರೀಕ್ಷೆಯಲ್ಲಿ ಬ್ಯಾಕ್ ಉಳಿದಿದೆ, ಹುಡುಗಿ ಬ್ಲಾಕ್ ಮಾಡಿದ್ದಾಳೆ, ಊರಲ್ಲಿ ಅಪ್ಪನ ಸಾಲ. ಇವನಿಗೆ ಪಾರ್ಟಿಯೂ ಬೇಡ, ಗೆಳೆಯರೂ ಬೇಡ; ಬಾಗಿಲು ಹಾಕಿಕೊಂಡು ಒಬ್ಬನೇ ಕ್ವಾರ್ಟರ್ ಮುಗಿಸುತ್ತಾನೆ. ನಿದ್ದೆ ಬೇಗ ಹತ್ತುತ್ತದೆ, ನಿಜ. ನಡುರಾತ್ರಿ ಎಚ್ಚರವೂ ಆಗುತ್ತದೆ. ಬೆಳಿಗ್ಗೆ ಎದ್ದರೆ ಬ್ಯಾಕ್ ಹಾಗೇ ಇದೆ, ಮೇಲೆ ಕ್ಲಾಸೂ ತಪ್ಪಿದೆ. ಸಂಜೆ ಮತ್ತೆ ಅದೇ. ಚಟ ಬೇಗ ಅಂಟುವುದು ಇಂಥವರಿಗೇ. ಅಂಥ ರಾತ್ರಿ ಬಂದರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಇಷ್ಟಾದರೂ ಕುಡಿಯುವವನಿದ್ದರೆ ಲೆಕ್ಕ ತಿಳಿದಿರಲಿ. 30 ಎಂಎಲ್ ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್. ಅದನ್ನು ಕರಗಿಸಲು ಲಿವರ್‌ಗೆ ಒಂದು ಗಂಟೆಯಾದರೂ ಬೇಕು. ಕ್ವಾರ್ಟರ್ ಅಂದರೆ 180 ಎಂಎಲ್, ಆರು ಗಂಟೆಗೂ ಮೀರುತ್ತದೆ. ನಿಂಬೆಹಣ್ಣು, ಮಜ್ಜಿಗೆ, ತಣ್ಣೀರು ಸ್ನಾನ ಯಾವುದೂ ಅದನ್ನು ಬೇಗ ಇಳಿಸುವುದಿಲ್ಲ. ರಾತ್ರಿ ಒಂದಕ್ಕೆ ಮುಗಿಸಿ ಬೆಳಿಗ್ಗೆ ಆರಕ್ಕೆ ಬೈಕ್ ಹತ್ತಿದವನ ರಕ್ತದಲ್ಲಿ ಇನ್ನೂ ಇರುತ್ತದೆ. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಜೈಲೂ ಆಗಬಹುದು.

ಜೊತೆಯವನು ಎಚ್ಚರ ತಪ್ಪಿದರೆ ಅಂಗಾತ ಮಲಗಿಸಬೇಡ. ವಾಂತಿಯಾದರೆ ಶ್ವಾಸನಾಳಕ್ಕೆ ಇಳಿಯುತ್ತದೆ. ಮಗ್ಗುಲಾಗಿಸಿ ಪಕ್ಕದಲ್ಲೇ ಕೂರು. ಉಸಿರು ನಿಧಾನವಾದರೆ, ಅಲುಗಾಡಿಸಿದರೂ ಏಳದಿದ್ದರೆ 108ಕ್ಕೆ ಫೋನ್ ಮಾಡು. ವಾರ್ಡನ್‌ಗೆ ಗೊತ್ತಾದರೆ ಬೈತಾರೆ ಎಂದು ರೂಮಿನಲ್ಲೇ ಮುಚ್ಚಿಡಬೇಡಿ. ಬೈಯುವುದು ನಮ್ಮ ಕೆಲಸ, ಅದನ್ನು ಬೆಳಿಗ್ಗೆ ಮಾಡ್ತೀವಿ. ಮೊದಲು ಬಂದು ಬಾಗಿಲು ತಟ್ಟಿ.